ಬಟ್ಟಲು ತೊಳೆದ ನೀರು

ಡಾಕ್ಟರು ಮೈಸೂರಿನಿಂದ ಜೀಪಿನಲ್ಲಿ ತಂದಿದ್ದ ತೂಕದ ಯಂತ್ರದ ಮೇಲೆ ವಿಶಾಲಾಕ್ಷಮ್ಮನಿಗೆ ನಿಲ್ಲಲಾಗಲಿಲ್ಲ. ಅದರ ಹಲಗೆ ಎರಡು ಪಾದಕ್ಕೆ ಸಾಕಾಗುವಷ್ಟೇ ಇತ್ತು. ದೀಪಾವಳಿಗೆ ಮುಂಚೆ ಆಪರೇಷನ್ ಆದಾಗಿನಿಂದ ಅವಳ ಕಾಲುಗಳು ಅವಳ ಮಾತು ಕೇಳುತ್ತಿರಲಿಲ್ಲ. ಗಂಡ ಒಂದು ಕಡೆ, ಮಗಳು ಮಂಗಳ ಒಂದು ಕಡೆ ಹಿಡಿದು ನಿಲ್ಲಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ ಎಂದು ಡಾಕ್ಟರು ಬೇಡವೆಂದರು.

ಕೊನೆಗೆ ಮಲ್ಲಪ್ಪನ ಮಂಡಿಯ ತಕ್ಕಡಿಯ ಮಾತು ತೆಗೆದವನು ಗಂಡ ಶಿವಶಂಕರಪ್ಪನೇ. ಪಣಕಹಳ್ಳಿಯ ರಾಗಿ, ಜೋಳ, ಆಲೂಗೆಡ್ಡೆಗಳೆಲ್ಲ ಊರು ಬಿಡುವ ಮುಂಚೆ ಅದರ ಮೇಲೆ ಕೂತೇ ಹೋಗುತ್ತಿದ್ದವು. ಮೂಟೆ ಇಡುವ ಹಲಗೆಯ ಮೇಲೆ ವಿಶಾಲಾಕ್ಷಮ್ಮನನ್ನು ಕೂರಿಸಿದರು. ಉಯ್ಯಾಲೆಯ ಮೇಲೆ ಕೂತವಳಂತೆ ಅವಳು ಎರಡು ಕೈಯಲ್ಲೂ ಸರಪಳಿ ಹಿಡಿದುಕೊಂಡಳು. ಮಲ್ಲಪ್ಪ ಆ ಕಡೆ ಒಂದೊಂದೇ ತೂಕದ ಕಲ್ಲು ಏರಿಸಿದ. ಟೀ ಅಂಗಡಿಯ ಮುಂದೆ ಕೂತಿದ್ದವರಲ್ಲಿ ಒಬ್ಬ, "ಗೋಣಿ ತೂಕ ಕಳ್ದೇನ್ಲಾ ಮಲ್ಲ?" ಎಂದ. ನಾಲ್ಕು ಜನ ನಕ್ಕರು. ಅವರ ನಗು ನಿಂತ ಮೇಲೆ ವಿಶಾಲಾಕ್ಷಮ್ಮನೂ ನಕ್ಕಳು. ಈಗ ಅವಳಿಗೆ ಎಲ್ಲವೂ ತಡವಾಗಿಯೇ ತಲುಪುತ್ತಿತ್ತು.

ಮನೆಗೆ ಬಂದ ಮೇಲೆ ಡಾಕ್ಟರು ಜಗಲಿಯ ಮೇಲೆ ಕೂತು ಅವಳನ್ನು ಪರೀಕ್ಷೆ ಮಾಡಿದರು. ಚೈತ್ರ ವೈಶಾಖದಿಂದ ಹಿಡಿದು ಮಾಸಗಳನ್ನು ಹೇಳಿಸಿದರು. ಒಂದು ಬೀಗದ ಕೈ, ಒಂದು ಗುಂಡಿ, ಒಂದು ಅಡಿಕೆ ತೋರಿಸಿ, ಮುಚ್ಚಿಟ್ಟು, ಸ್ವಲ್ಪ ಹೊತ್ತಾದ ಮೇಲೆ ಏನೇನಿತ್ತು ಎಂದು ಕೇಳಿದರು. ಅವಳಿಗೆ ಅಡಿಕೆ ಮಾತ್ರ ನೆನಪಿತ್ತು. ಡಾಕ್ಟರು ಬೇಸರಿಸಿಕೊಳ್ಳಲಿಲ್ಲ. ಮೂವತ್ತು ದಾಟಿದ, ಮೆತ್ತಗೆ ಮಾತಾಡುವ ಮನುಷ್ಯ. ದಪ್ಪ ಮೈಯವರು ತುರ್ತಾಗಿ ಆಪರೇಷನ್ನಿಗೆ ಬಂದಾಗ ಕೆಲವರ ಮಿದುಳಿಗೆ ಯಾಕೆ ಪೆಟ್ಟಾಗುತ್ತದೆ ಎಂಬುದೇ ಅವರು ಮಾಡುತ್ತಿದ್ದ ಸಂಶೋಧನೆ. ಅಂಥವರ ಮನೆ ಹುಡುಕಿಕೊಂಡು ಊರೂರು ತಿರುಗುತ್ತಿದ್ದರು. ಊರಿನವರು ಅವರಿಗೆ ತೂಕದ ಡಾಕ್ಟರು ಎಂದೇ ಹೆಸರಿಟ್ಟುಬಿಟ್ಟಿದ್ದರು.

ಆವತ್ತು ಏನಾಯಿತೆಂದು ಅವರು ಮನೆಯವರಿಗೆ ಬಿಡಿಸಿ ಹೇಳಿದರು. ಅಪೆಂಡಿಕ್ಸ್ ತೆಗೆಯುವುದಕ್ಕೆ ಪ್ರಜ್ಞೆ ತಪ್ಪಿಸಿದಾಗ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಉಸಿರಿನ ದಾರಿಗೆ ಇಳಿಯಿತು. ಸ್ವಲ್ಪ ಹೊತ್ತು ಗಾಳಿಯಾಡಲಿಲ್ಲ. ಗಾಳಿ ಸಿಗದೆ ಮಿದುಳು ಸೊರಗಿತು. ಜೀವ ಉಳಿದದ್ದೇ ದೊಡ್ಡದು.

"ಹಿಂದಿನ ರಾತ್ರಿಯಿಂದ ಇವರು ಏನೂ ತಿಂದಿರಲಿಲ್ಲ," ಎಂದರು ಡಾಕ್ಟರು. "ಆದರೂ ಹೊಟ್ಟೆಯಲ್ಲಿ ಅಷ್ಟೊಂದು ಇತ್ತು. ಅಂದರೆ ದಪ್ಪ ಮೈಯವರಿಗೆ ಊಟ ಕರಗೋದೇ ನಿಧಾನ ಅಂತ ಕಾಣುತ್ತೆ. ಇನ್ನು ಮುಂದೆ ಇಂಥವರನ್ನು ಇನ್ನೂ ಹೆಚ್ಚು ಹೊತ್ತು ಉಪವಾಸ ಇಟ್ಟು, ಆಮೇಲೆ ಆಪರೇಷನ್ ಮಾಡಬೇಕೇನೋ. ಅದನ್ನೇ ನೋಡ್ತಿದ್ದೀನಿ."

ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ಪುಟ್ಟನಂಜಮ್ಮ, ವಿಶಾಲಾಕ್ಷಮ್ಮನ ಅತ್ತೆ, ಒಳಕ್ಕೆ ಹೋಗಿಬಿಟ್ಟಳು. ಮಂಗಳ ಅಜ್ಜಿಯ ಬೆನ್ನನ್ನೇ ನೋಡಿದಳು.

ಏಕೆಂದರೆ ಅವತ್ತು ಆಪರೇಷನ್ನಿಗೆ ಸ್ವಲ್ಪ ಮುಂಚೆ ಆಸ್ಪತ್ರೆಯ ವಾರ್ಡಿನಲ್ಲಿ ವಿಶಾಲಾಕ್ಷಮ್ಮನ ಹತ್ತಿರ ಇದ್ದವರು ಅವರಿಬ್ಬರೇ. ಬೆಳಗಿನ ಜಾವ ಕೋಸಿನ ಲಾರಿಯಲ್ಲಿ ಮಲಗಿಸಿಕೊಂಡು, ಗೆಟ್ಟವಾಡಿಯ ಮೇಲೆ ಚಾಮರಾಜನಗರ ದಾಟಿ ಮೈಸೂರು ಸೇರಿದ್ದರು. ಏನೂ ಕೊಡಬೇಡಿ ಎಂದು ನರ್ಸಮ್ಮ ಹೇಳಿದ ಮೇಲೆ ಪುಟ್ಟನಂಜಮ್ಮ ಕಾವಲು ಕೂತಳು. ಮಗ ಸೊಸೆಗೆಂದು ತಂದ ಕಾಫಿಯನ್ನು ಅವನ ಕೈಯಿಂದ ಕಿತ್ತು ಮೋರಿಗೆ ಸುರಿದಳು. ಆಮೇಲೆ ಅವನು ಔಷಧಿ ತರಲು ಹೊರಗೆ ಹೋದಾಗ ನರ್ಸಮ್ಮ ಬಂದು ಬಳೆ, ತಾಳಿ, ಕೊರಳಿನ ಲಿಂಗ ಎಲ್ಲ ತೆಗೆದಿಡಬೇಕು ಎಂದಳು. ಬಳೆಗೆ, ತಾಳಿಗೆ ಒಪ್ಪಬಹುದು. ಅಯ್ಯನವರು ಕೊಟ್ಟ ಲಿಂಗವನ್ನು ಪೂಜೆಯಿಲ್ಲದೆ ಮೈಯಿಂದ ಬೇರೆ ಮಾಡುವುದುಂಟೆ? ಪುಟ್ಟನಂಜಮ್ಮ ಸೊಸೆಯನ್ನು ಹಾಸಿಗೆಯ ಮೇಲೆ ಎಬ್ಬಿಸಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಸಿದಳು. ತೀರ್ಥ ಕೊಟ್ಟಳು. ಮನೆಯಿಂದ ತಂದಿದ್ದ ಬಾಳೆಹಣ್ಣು ಕಿವುಚಿ, ಬೆಲ್ಲ ಹಾಲು ಹಾಕಿ, ಲಿಂಗಕ್ಕೆ ತೋರಿಸಿ ಬಟ್ಟಲು ಕೈಗಿಟ್ಟಳು. ಹಿಡಿದುಕೊಂಡಿರಲು ಮಂಗಳ ಸಹಾಯ ಮಾಡಿದಳು. ನೋವಿನಲ್ಲಿ ಅರ್ಧಕ್ಕೇ ಸಾಕೆಂದ ಸೊಸೆಗೆ, ಪ್ರಸಾದ ಮಿಗಿಸಬಾರದು, ಅದೂ ಲಿಂಗ ಬಿಚ್ಚುವ ಹೊತ್ತಿನಲ್ಲಿ, ಎಂದು ಪೂರ್ತಿ ತಿನ್ನಿಸಿದಳು. ಬಟ್ಟಲು ತೊಳೆದ ನೀರನ್ನೂ ಕುಡಿಸಿದಳು. ಮನೆಯಲ್ಲಿ ದಿನವೂ ನಡೆಯುವ ಕ್ರಮವೇ ಅದು.

ಆಮೇಲೆ ಬಂದ ಡಾಕ್ಟರೊಬ್ಬರು, ಏನಾದರೂ ತಿಂದಿದ್ದಾರಾ ಎಂದು ಕೇಳಿದರು. ಪುಟ್ಟನಂಜಮ್ಮ, ನಿನ್ನೆ ರಾತ್ರಿಯಿಂದ ಒಂದು ಅಗುಳೂ ಇಲ್ಲ ಎಂದಳು. ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಅನ್ನಿಸಿರಲಿಲ್ಲ.

ಡಾಕ್ಟರ ಜೀಪು ಹೋದ ಮೇಲೆ ಪುಟ್ಟನಂಜಮ್ಮ ಹಿತ್ತಿಲಲ್ಲಿ ರಾಗಿ ಕೇರುತ್ತಾ ಕೂತಳು. ಮಂಗಳ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು.

"ಅಜ್ಜಿ, ಅವತ್ತು ಬಾಳೆಅಣ್ಣು ಕೊಟ್ಟದ್ದ ಡಾಕ್ಟ್ರಿಗೆ ಏಳ್ಬೇಕಲ್ವಾ?"

"ಅದು ಪ್ರಸಾದ ಕಣಮ್ಮಿ. ಪ್ರಸಾದವ ಊಟ ಅಂದರಾ ಯಾರಾರು?"

"ಒಟ್ಟೆಗೆ ಅದು ಗೊತ್ತಾದ್ದಾ?"

ಪುಟ್ಟನಂಜಮ್ಮ ಮೊರ ಕೆಳಗಿಟ್ಟಳು. ನಾಲ್ಕಕ್ಷರ ಕಲಿತು ಶಿವನಿಗೇ ತಪ್ಪು ಹೊರಿಸುತ್ತೀಯಾ, ಇನ್ನೊಂದು ಸಲ ಈ ಮಾತು ಬಾಯಲ್ಲಿ ಬಂದರೆ ಸುಮ್ಮನಿರುವುದಿಲ್ಲ ಎಂದು ಬೈದಳು. ಮಂಗಳ ಎದ್ದು ಹೋದಳು. ಅಜ್ಜಿ ಮತ್ತೆ ಮೊರ ಎತ್ತಿಕೊಂಡಳು. ಆದರೆ ಕೇರಿದ ರಾಗಿಯನ್ನೇ ಮತ್ತೆ ಕೇರಿದಳು.

ಡಾಕ್ಟರು ಊಟದ ಕ್ರಮ ಹೇಳಿಹೋಗಿದ್ದರು. ತುಪ್ಪ ಬೇಡ, ಒಂದು ಹೊತ್ತಿಗೆ ಒಂದೇ ಸಣ್ಣ ಮುದ್ದೆ, ಸೊಪ್ಪು ಧಾರಾಳ, ಅನ್ನ ಕಮ್ಮಿ. ತೂಕ ಇಳಿದರೆ ನಡಿಗೆ ಸುಧಾರಿಸುತ್ತದೆ ಎಂದಿದ್ದರು. ಶಿವಶಂಕರಪ್ಪ ಅದನ್ನು ಸರ್ಕಾರದ ಆರ್ಡರಿನಂತೆ ಹಿಡಿದುಕೊಂಡ. ಹಿಂದೆಲ್ಲ ನೆಂಟರು ಬಂದಾಗ, ನಮ್ಮ ಮನೆಗೆ ಬಂದ ಮೇಲೆ ಹೆಂಗೆ ಮೈದುಂಬಿದಳು ನೋಡಿ ಎಂದು ಹೆಂಡತಿಯನ್ನು ತೋರಿಸುತ್ತಿದ್ದವನೂ ಅವನೇ. ಪುಟ್ಟನಂಜಮ್ಮನೂ ಕಮ್ಮಿಯೇನಲ್ಲ. ಬಾಣಂತನದಲ್ಲಿ ಸೊಸೆಗೆ ತುಪ್ಪ ಕುಡಿಸಿದ ಕೈ ಅದು. ಈಗ ತಾಯಿ ಮಗ ಸೇರಿ ತುಪ್ಪದ ಗಡಿಗೆಯನ್ನು ಅಟ್ಟಕ್ಕೆ ಏರಿಸಿದರು.

ಸಂಕ್ರಾಂತಿ ಕಳೆದು ಡಾಕ್ಟರು ಎರಡನೇ ಸಲ ಬಂದಾಗ ಮಲ್ಲಪ್ಪ ಒಂದು ಕಲ್ಲು ಇಳಿಸಬೇಕಾಯಿತು. ಡಾಕ್ಟರು ಖುಷಿಪಟ್ಟರು. ಅವರು ನೋಡುತ್ತಿದ್ದ ಇಪ್ಪತ್ತೋ ಮೂವತ್ತೋ ಜನರಲ್ಲಿ ಇಷ್ಟು ಬೇಗ ಇಳಿದವರು ಯಾರೂ ಇಲ್ಲವಂತೆ. ಶಿವಶಂಕರಪ್ಪ ಆವತ್ತು ಟೀ ಅಂಗಡಿಯವರ ಮುಂದೆ ಎದೆ ಸೆಟೆಸಿ ನಡೆದ.

ಅದಾದ ಮೂರನೇ ದಿನ ಚೌಡಮ್ಮ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಆ ಮನೆಯ ಕೊಟ್ಟಿಗೆ ಕೆಲಸ, ಹೊಲದ ಕೆಲಸ ಅವಳದೇ. ಕೈಯಲ್ಲಿ ನೆನೆದು ಊದಿದ ಮುದ್ದೆಯೊಂದಿತ್ತು.

"ದೊಡ್ಡವ್ವಾರೆ, ದನಕ ಇಟ್ಟ ಆಕದಾದ್ರ, ನಂಗೊಂದು ಉಂಡೆ ಕೊಡಬಾರದಾ?"

"ಯಾರಮ್ಮಿ ಆಕುದ್ದು?"

"ನಂಗೇನ್ ಗೊತ್ತು? ಕಲಗಚ್ಚಿನ ಬಾನೀಲಿ ದಿನಾ ಒಂದು ಸಿಕ್ತದ. ಕೆಂಪು ಅಸ ಮಾತ್ರ ಚೆನ್ನಾಗಿ ಮೈ ಬಂದದ," ಎಂದಳು ಚೌಡಮ್ಮ. ಆಮೇಲೆ ದನಿ ಇಳಿಸಿ, "ಚಿಕ್ಕವ್ವಾರು ಸೆರಗಲ್ಲಿ ಮುಚ್ಚಿಕಂಡು ಗ್ವಾಡೆ ಇಡ್ಕಂಡು ಬತ್ತರ. ನಾ ನೋಡ್ನಿ. ಏಳಬಾರ್ದು ಅಂತಿದ್ದಿ," ಎಂದಳು.

ಮಧ್ಯಾಹ್ನದ ಊಟಕ್ಕೆ ಶಿವಶಂಕರಪ್ಪ ಬಂದಾಗ ವಿಷಯ ಹೊರಬಿತ್ತು. ಅವನು ತಟ್ಟೆ ಸರಿಸಿ ಎದ್ದು ನಿಂತ. ಬೆಳೆದ ರಾಗಿಯನ್ನು ದನಕ್ಕೆ ಹಾಕುವುದಕ್ಕೆ ತಾನು ಮೈ ಮುರಿಯಬೇಕೇ ಎಂದು ಕೂಗಾಡಿದ. ವಿಶಾಲಾಕ್ಷಮ್ಮ ಗೋಡೆಗೆ ಒರಗಿ ಕೂತಿದ್ದವಳು, ಅವನ ಕೂಗೆಲ್ಲ ಮುಗಿದ ಮೇಲೆ, ನಿಧಾನವಾಗಿ ಬಾಯಿ ತೆರೆದಳು.

"ತಿಂದೂ ತಿಂದೂ ಇಂಗಾದ್ದು. ಡಾಕ್ಟ್ರೇ ಅಂದ್ರಲ್ಲ. ಉಪಾಸ ಇದ್ರೂ ಒಟ್ಟೇಲಿ ಇತ್ತಂತಲ್ಲ. ಇನ್ನೂ ತಿಂದ್ರ ಉಳ್ದಿರ ಬುದ್ದಿನೂ ಓಯ್ತದ."

"ಒಂದ್ ಮುದ್ದ ತಿನ್ನು ಅಂದವ್ರ ಕಣಮ್ಮಿ, ಬುಟ್ಟುಬುಡು ಅಂದಿಲ್ಲ," ಎಂದ ಶಿವಶಂಕರಪ್ಪ. ಅವನ ದನಿ ತಾನಾಗಿ ಇಳಿದಿತ್ತು.

"ನಿಮ್ಮೆಲ್ಲರ್ಗೂ ನಾ ಭಾರ ಆಗ್ಬುಟ್ಟಿ," ಎಂದಳು ಅವಳು. "ತಕ್ಕಡಿ ಮ್ಯಾಲ ಕೂತಾಗ ಗೊತ್ತಾಯ್ತು."

ಮಂಗಳ ಅಜ್ಜಿಯ ಮುಖ ನೋಡಿದಳು. ಪುಟ್ಟನಂಜಮ್ಮ ಒಲೆಯ ಕಡೆ ತಿರುಗಿ, ಆರಿಹೋದ ಒಲೆಯನ್ನು ಊದುತ್ತಾ ಕೂತಳು.

ಆವತ್ತಿನಿಂದ ಊಟದ ಹೊತ್ತಿಗೆ ಯಾರಾದರೂ ಒಬ್ಬರು ವಿಶಾಲಾಕ್ಷಮ್ಮನ ಎದುರಿಗೆ ಕೂರುವುದೆಂದಾಯಿತು. ಅವಳು ಎದುರಿಗಿದ್ದವರಿಗಾಗಿ ನಾಲ್ಕು ತುತ್ತು ನುಂಗುತ್ತಿದ್ದಳು. ಐದನೆಯದಕ್ಕೆ ಬಾಯಿ ತೆರೆಯುತ್ತಿರಲಿಲ್ಲ. ಕೈಬಳೆ ಮೊಣಕೈವರೆಗೂ ಸರಿಯುವಂತಾಯಿತು. ಎದ್ದರೆ ತಲೆ ಸುತ್ತುತ್ತಿತ್ತು. ಒಂದು ದಿನ ಮಂಗಳಳನ್ನು ಹೆಸರು ಹಿಡಿದು ಕರೆಯಲು ಹೋಗಿ, ಹೆಸರು ಸಿಗದೆ, ಬಾಯಿ ತೆರೆದುಕೊಂಡೇ ಕೂತಳು. ಮಂಗಳ ನೀರು ಹೊತ್ತು ತರುತ್ತಿದ್ದ ಕೊಡವನ್ನು ಬಾಗಿಲಲ್ಲೇ ಇಟ್ಟು ನೇರ ಅಜ್ಜಿಯ ಹತ್ತಿರ ಬಂದಳು.

"ನೀ ಏಳ್ತೀಯೋ, ನಾನೇ ಏಳ್ಲೋ?"

"ಯಾರಿಗೆ ಏಳೀಯೆ? ಏನಂತ ಏಳೀಯೆ? ಪ್ರಸಾದ ತಿಂದು ಅವ್ವ ಇಂಗಾದ್ಲು ಅಂತ ಊರಲ್ಲಿ ಸಾರೀಯಾ?"

"ಅವ್ವ ತನ್ನ ಮೈದೇ ತಪ್ಪು ಅನ್ಕಂಡು ಸಾಯ್ತಾವ್ಳ ಅಜ್ಜಿ. ನಾನೂ ಬಟ್ಟಲು ಇಡ್ಕಂಡಿದ್ದೆ. ನಂಗೂ ಅನ್ನ ಇಳೀತಿಲ್ಲ."

ಪುಟ್ಟನಂಜಮ್ಮ ಮೊಮ್ಮಗಳನ್ನು ಬೈಯಲಿಲ್ಲ. ಮಾರನೆಯ ದಿನ ಬಸ್ಸು ಹತ್ತಿ ತಾಳವಾಡಿಗೆ ಹೋದಳು. ಮನೆತನದ ಅಯ್ಯನವರು ಲಿಂಗಯ್ಯನವರು ಅಲ್ಲಿದ್ದರು. ಕಾಲಿಗೆ ಬಿದ್ದು, ಉಪವಾಸ ಇರುವವರು ಪ್ರಸಾದ ತೆಗೆದುಕೊಂಡರೆ ಉಪವಾಸ ಕೆಡುತ್ತದೆಯೇ ಎಂದು ಕೇಳಿದಳು. ಲಿಂಗಯ್ಯನವರು ನಕ್ಕು, ಪ್ರಸಾದ ಆಹಾರವಲ್ಲ ತಾಯಿ, ಅದರಿಂದ ಯಾವ ವ್ರತವೂ ಕೆಡುವುದಿಲ್ಲ ಎಂದರು. ಅವಳು ಕೇಳಬೇಕೆಂದಿದ್ದ ಉತ್ತರವೇ ಅದು. ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ಅದು ಅವಳ ಮನಸ್ಸಿನಲ್ಲಿ ನಿಲ್ಲಲಿಲ್ಲ. ಅಯ್ಯನವರನ್ನು ಹೊಟ್ಟೆಯ ವಿಷಯ ಕೇಳಿರಲಿಲ್ಲವಲ್ಲ. ಕೇಳಲು ಬಾಯಿ ಬಂದಿರಲಿಲ್ಲ.

ಶಿವರಾತ್ರಿಗೆ ವಾರವಿದ್ದಾಗ ಡಾಕ್ಟರು ಮೂರನೇ ಸಲ ಬಂದರು. ಮಲ್ಲಪ್ಪನ ಮಂಡಿಯಲ್ಲಿ ಮತ್ತೂ ಕಲ್ಲುಗಳಿಳಿದವು. ಈ ಸಲ ಯಾರೂ ಗೋಣಿಯ ಮಾತಾಡಲಿಲ್ಲ. ಡಾಕ್ಟರಿಗೂ ಖುಷಿಯಾಗಲಿಲ್ಲ. ಅವಳ ಕಣ್ಣರೆಪ್ಪೆ ಎಳೆದು ನೋಡಿದರು. ಮಾಸಗಳನ್ನು ಹೇಳಿಸಿದರು. ಹೋದ ಸಲ ಮಾರ್ಗಶಿರದವರೆಗೆ ಹೇಳಿದ್ದವಳು ಈಗ ಶ್ರಾವಣಕ್ಕೇ ನಿಂತಳು. ಹೀಗೆ ಊಟ ಬಿಟ್ಟರೆ ಇರುವ ಶಕ್ತಿಯೂ ಹೋಗುತ್ತದೆ, ಮಿದುಳಿಗೆ ಮೊದಲು ಬೇಕಾದದ್ದು ಅನ್ನ ಎಂದು ತಿಳಿಹೇಳಿದರು. ವಿಶಾಲಾಕ್ಷಮ್ಮ ಕೇಳಿಸಿಕೊಂಡು, "ಅನ್ನ ಉಂಡೇ ಅಲ್ವಾ ಸ್ವಾಮಿ ಈ ಮೈ ಬಂದದ್ದು," ಎಂದಳು.

ಅವರು ಚೀಲ ಕಟ್ಟಿಕೊಂಡು ಎದ್ದಾಗ ಪುಟ್ಟನಂಜಮ್ಮ ಒಳಗಿಂದ ಬಂದು ಹೊಸಲಿನ ಮೇಲೆ ನಿಂತಳು. ಕೈಯಲ್ಲಿ ಹಿತ್ತಾಳೆಯ ಬಟ್ಟಲಿತ್ತು.

"ಸ್ವಾಮಿ, ಒಸಿ ನಿಂತ್ಕಳಿ. ಅವತ್ತು ಏನಾರು ತಿಂದವ್ಳಾ ಅಂತ ನಿಮ್ಮೋರು ಕೇಳುದ್ರು. ನಾ ಇಲ್ಲ ಅಂದಿ. ತಿನ್ಸಿದ್ದೆ."

ಶಿವಶಂಕರಪ್ಪ ತಾಯಿಯ ಕಡೆ ತಿರುಗಿದ. ಡಾಕ್ಟರು ಮತ್ತೆ ಕೂತುಕೊಂಡರು. "ಏನು ತಿನ್ನಿಸಿದ್ರಿ ಅಜ್ಜಿ?"

"ಲಿಂಗ ಬಿಚ್ಬೇಕು ಅಂದ್ರು. ಪೂಜೆ ಮಾಡಿಸಿ ಪ್ರಸಾದ ಕೊಟ್ಟೆ. ಬಾಳೆಅಣ್ಣು, ಆಲು, ಬೆಲ್ಲ. ಈ ಬಟ್ಟಲ್ ತುಂಬ. ಸಾಕು ಅಂದ್ಲು, ನಾನೇ ಬುಡ್ನಿಲ್ಲ. ಬಟ್ಟಲು ಒರಸಿಡೋದ್ರೊಳಗೆ ಗಾಲಿ ಮಂಚ ತಳ್ಕಂಡು ಬಂದ್ರು."

ಡಾಕ್ಟರು ಬಟ್ಟಲನ್ನು ಕೈಗೆ ತೆಗೆದುಕೊಂಡು, ಒಳಗೆ ನೋಡಿ, ವಾಪಸು ಕೊಟ್ಟರು.

"ನಾವು ಕೇಳಿದ್ದೇ ಸರಿಯಿಲ್ಲ," ಎಂದರು ಆಮೇಲೆ. "ಏನಾದ್ರೂ ತಿಂದಿದ್ದಾರಾ ಅಂತ ಕೇಳಿದ್ರೆ ನೀವು ಇನ್ನೇನು ಹೇಳ್ತೀರಿ? ತೀರ್ಥ, ಪ್ರಸಾದ, ಎಲೆ ಅಡಿಕೆ, ಒಂದೊಂದಾಗಿ ಕೇಳಬೇಕಿತ್ತು."

"ಏಳಿದ್ರೆ ಏನ್ ಮಾಡ್ತಿದ್ರಿ ಸ್ವಾಮಿ?"

ಡಾಕ್ಟರು ಶಿವಶಂಕರಪ್ಪನ ಮುಖ ನೋಡಿದರು. ಹೇಳದೆ ಇರಬಹುದಿತ್ತು. ಅವರು ಅಂಥ ಮನುಷ್ಯರಲ್ಲ. "ಮೂಗಿನಲ್ಲಿ ಒಂದು ನಳಿಗೆ ಬಿಟ್ಟು ಹೊಟ್ಟೆಯಲ್ಲಿದ್ದದ್ದು ತೆಗೆಯೋದಕ್ಕೆ ನೋಡ್ತಿದ್ವಿ."

"ಅಷ್ಟೇನಾ?"

"ಅಷ್ಟರಿಂದಲೇ ಎಲ್ಲ ಸರಿಹೋಗ್ತಿತ್ತು ಅಂತ ಹೇಳಕ್ಕಾಗಲ್ಲ ಅಜ್ಜಿ. ಅಷ್ಟು ನೋವಿದ್ದಾಗ ತಿಂದದ್ದು ಇಳಿಯೋದೇ ಇಲ್ಲ. ಅವರ ಮೈ ತೂಕನೂ ಸೇರಿರುತ್ತೆ, ನಮ್ಮ ಅವಸರನೂ ಸೇರಿರುತ್ತೆ. ಯಾರದು ಎಷ್ಟು ಅಂತ ಮಲ್ಲಪ್ಪನ ತಕ್ಕಡೀಲಿ ತೂಗಕ್ಕಾಗಲ್ಲ." ಅವರು ಎದ್ದರು. "ಆದ್ರೆ ನೀವು ಹೇಳಿದ್ದು ಒಳ್ಳೇದಾಯ್ತು. ಇವರೊಬ್ಬರ ಮೇಲೆ ನಾನು ಒಂದು ದೊಡ್ಡ ಮಾತು ಕಟ್ಟೋಕೆ ಹೊರಟಿದ್ದೆ. ಬೇರೆ ದಪ್ಪ ಮೈಯವರನ್ನೆಲ್ಲ ಆಪರೇಷನ್ನಿಗೆ ಮುಂಚೆ ಸುಮ್ಮನೆ ಹಸಿವಿನಲ್ಲಿ ಇಟ್ಟಿರ್ತಿದ್ವಿ. ಈಗ ಅದನ್ನ ಬಿಡ್ತೀನಿ."

"ಬರ್ಕಳಿ ಸ್ವಾಮಿ. ಪುಟ್ಟನಂಜಮ್ಮ ಮಾಡುದ್ಲು ಅಂತ ಎಸ್ರಾಕಿ ಬರ್ಕಳಿ."

"ಹೆಸರು ಹಾಕೋದಿಲ್ಲ ಅಜ್ಜಿ."

"ಆಕುದ್ರೆ ಚೆನ್ನಾಗಿತ್ತು," ಎಂದಳು ಪುಟ್ಟನಂಜಮ್ಮ.

ಜೀಪು ಹೋದ ಮೇಲೆ ಶಿವಶಂಕರಪ್ಪ ತಾಯಿಗೆ ಒಂದು ಮಾತೂ ಹೇಳದೆ ಹೊಲಕ್ಕೆ ಹೋದ. ಸಂಜೆ ಬಂದವನು, ಅವಳು ಬಡಿಸಿದ ತಟ್ಟೆಯನ್ನು ಮುಟ್ಟದೆ, ಮಂಗಳಳನ್ನು ಕರೆದು ಬಡಿಸಿಸಿಕೊಂಡು ಉಂಡ. ಅವನು ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಎರಡು ದಿನ ಹೀಗೆಯೇ ನಡೆಯಿತು. ಮೂರನೆಯ ದಿನ, ಆ ಕಾಫಿ ಮೋರಿಗೆ ಸುರಿಯದಿದ್ದರೆ ಅದೂ ಅವಳ ಹೊಟ್ಟೆ ಸೇರುತ್ತಿತ್ತು, ತಂದವನು ನಾನೇ ಅಲ್ಲವಾ, ಎಂದು ತನ್ನಷ್ಟಕ್ಕೆ ಹೇಳಿಕೊಂಡಂತೆ ಹೇಳಿ, ತಾಯಿಯ ಮುಂದೆ ತಟ್ಟೆ ಇಟ್ಟುಕೊಂಡ.

ಆದರೆ ಯಾರಿಗಾಗಿ ಪುಟ್ಟನಂಜಮ್ಮ ಬಾಯಿಬಿಟ್ಟಳೋ ಅವಳಿಗೆ ಅದು ತಾಗಲಿಲ್ಲ. ವಿಶಾಲಾಕ್ಷಮ್ಮನಿಗೆ ಆಸ್ಪತ್ರೆಯ ಆ ದಿನವೇ ನೆನಪಿರಲಿಲ್ಲ. ಪುಟ್ಟನಂಜಮ್ಮ ಪಕ್ಕದಲ್ಲಿ ಕೂತು ಎಲ್ಲವನ್ನೂ ಮೊದಲಿಂದ ಹೇಳಿದಳು. ತಪ್ಪು ನಿನ್ನ ಮೈದಲ್ಲ, ನನ್ನದು ಎಂದು ಅವಳ ಕೈ ಹಿಡಿದುಕೊಂಡಳು. ವಿಶಾಲಾಕ್ಷಮ್ಮ ಬಹಳ ಹೊತ್ತು ಯೋಚಿಸಿದಳು.

"ಪ್ರಸಾದ ಯಾರ್ಗೂ ಕೆಟ್ಟದ್ದು ಮಾಡಲ್ಲ ಅತ್ತೆ. ನೀವೇ ಏಳ್ಕೊಟ್ಟಿರದು. ನನ್ನ ಸಮಾದಾನಕ್ಕ ನೀವ್ ಯಾಕ ಪಾಪ ಒತ್ಕತೀರಿ?"

ಪುಟ್ಟನಂಜಮ್ಮನೇ ಇಪ್ಪತ್ತು ವರ್ಷ ಸೊಸೆಗೆ ಕಲಿಸಿದ ಪಾಠ ಅದು. ಈಗ ಅದನ್ನು ವಾಪಸು ಕೇಳಲು ಬರುತ್ತದೆಯೇ?

ಶಿವರಾತ್ರಿಯ ದಿನ ಮನೆಯವರೆಲ್ಲ ಉಪವಾಸವಿದ್ದರು. ಮಾರನೆಯ ಬೆಳಿಗ್ಗೆ ಎಲ್ಲರೂ ಪೂಜೆ ಮುಗಿಸಿ ಉಂಡರು. ವಿಶಾಲಾಕ್ಷಮ್ಮ ಇನ್ನೊಂದು ದಿನ ಇರುತ್ತೇನೆ ಎಂದಳು. ಅವಳ ತುಟಿ ಒಣಗಿ ಬಿಳುಚಿತ್ತು. ಶಿವಶಂಕರಪ್ಪ ಜಗಲಿಯ ಮೇಲೆ ತಲೆ ಹಿಡಿದುಕೊಂಡು ಕೂತಿದ್ದ.

ಪುಟ್ಟನಂಜಮ್ಮ ಅಡುಗೆಮನೆಗೆ ಹೋಗಿ ಬಾಳೆಹಣ್ಣು ಸುಲಿದಳು. ಕಿವುಚಿದಳು. ಬೆಲ್ಲ ಹಾಕಿದಳು, ಹಾಲು ಹಾಕಿದಳು. ಅಟ್ಟದಿಂದ ಗಡಿಗೆ ಇಳಿಸಿ ಬೆರಳ ತುದಿಯಷ್ಟು ತುಪ್ಪ ಬಿಟ್ಟಳು. ಪೂಜೆಯ ಜಾಗದ ಮುಂದೆ ಬರುವಾಗ ಅಭ್ಯಾಸಬಲದಿಂದ ಕಾಲು ನಿಂತಿತು. ಆ ಮನೆಯಲ್ಲಿ ಯಾವ ತಿನಿಸೂ ಲಿಂಗಕ್ಕೆ ತೋರಿಸದೆ ಬಾಯಿಗೆ ಹೋದದ್ದಿಲ್ಲ. ಅವಳು ತೋರಿಸದೆ ಮುಂದೆ ನಡೆದಳು. ಬಟ್ಟಲನ್ನು ತಂದು ಸೊಸೆಯ ಮುಂದಿಟ್ಟಳು.

ವಿಶಾಲಾಕ್ಷಮ್ಮ ಬಟ್ಟಲು ನೋಡಿದಳು. "ಪ್ರಸಾದವಾ ಅತ್ತೆ?"

"ಅಲ್ಲ. ತೋರ್ಸಿಲ್ಲ. ಬರೀ ಬಾಳೆಅಣ್ಣು ಕಣವ್ವ." ಪುಟ್ಟನಂಜಮ್ಮ ಬಟ್ಟಲನ್ನು ಇನ್ನಷ್ಟು ಹತ್ತಿರ ಸರಿಸಿದಳು. "ಬೇಕಾದಷ್ಟು ತಿನ್ನು. ಬ್ಯಾಡಾದ್ದ ಬುಡು."

"ಬುಟ್ರ ತಪ್ಪಲ್ವಾ?"

"ತಪ್ಪಿದ್ರ ನಂಗಿರ್ಲಿ."

ಬಾಗಿಲಲ್ಲಿ ಮಂಗಳ ನಿಂತಿದ್ದಳು. ವಿಶಾಲಾಕ್ಷಮ್ಮ ಅತ್ತೆಯ ಮುಖವನ್ನು ದಿಟ್ಟಿಸಿದಳು. ಲಿಂಗಕ್ಕೆ ತೋರಿಸದ್ದನ್ನು ಅತ್ತೆ ಯಾರ ಮುಂದಾದರೂ ಇಟ್ಟದ್ದು ಅವಳು ಆ ಮನೆಗೆ ಬಂದಾಗಿನಿಂದ ಕಂಡಿರಲಿಲ್ಲ. ಎಲ್ಲವೂ ತಡವಾಗಿ ತಲುಪುವ ಅವಳಿಗೆ ಇದೂ ತಡವಾಗಿಯೇ ತಲುಪಿತು. "ಅಂದ್ರ ನೀವು ಅವತ್ತು ಏಳಿದ್ದು ದಿಟ," ಎಂದಳು. ಪುಟ್ಟನಂಜಮ್ಮ ತಲೆಯಾಡಿಸಿದಳು. ವಿಶಾಲಾಕ್ಷಮ್ಮ ಬಟ್ಟಲಿಗೆ ಕೈ ಹಾಕಿದಳು. ಒಂದು ತುತ್ತು ತಿಂದಳು. ಮತ್ತೊಂದು. ಎದುರಿಗಿದ್ದವರಿಗಾಗಿ ತಿನ್ನುವ ನಾಲ್ಕು ತುತ್ತು ದಾಟಿ, ಐದನೆಯದಕ್ಕೂ ಬಾಯಿ ತೆರೆದಳು. ಅರ್ಧ ಬಟ್ಟಲಿಗೆ ನಿಲ್ಲಿಸಿ, ಬೈಸಿಕೊಳ್ಳಲು ಕಾಯುವ ಹುಡುಗಿಯಂತೆ ಅತ್ತೆಯನ್ನು ನೋಡಿ, "ಸಾಕು," ಎಂದಳು.

"ಸಾಕಾದ್ರ ಸಾಕು ಬುಡವ್ವ."

ಮಿಕ್ಕದ್ದನ್ನು ಕಲಗಚ್ಚಿನ ಬಾನಿಗೆ ಹಾಕಲೆಂದು ಪುಟ್ಟನಂಜಮ್ಮ ಬಟ್ಟಲು ಎತ್ತಿಕೊಂಡು ಹಿತ್ತಿಲಿಗೆ ನಡೆದಳು. ಬಾನಿಯ ಹತ್ತಿರ ಬಂದರೂ ಕೈ ಬಗ್ಗಲಿಲ್ಲ. ಅಲ್ಲೇ ಒರಳುಕಲ್ಲಿನ ಮೇಲೆ ಕೂತಳು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ಚೌಡಮ್ಮ ತಲೆ ಎತ್ತಿ ನೋಡಿದಳು. ಅತ್ತೆ ಸೊಸೆಯ ಎಂಜಲನ್ನು ಬೆರಳಿಂದ ಬಳಿದು ತಿನ್ನುತ್ತಿದ್ದಳು. ಚೌಡಮ್ಮ ಬೆನ್ನು ತಿರುಗಿಸಿ ತನ್ನ ಕೆಲಸ ಮಾಡಿದಳು.

ಪುಟ್ಟನಂಜಮ್ಮ ಬಟ್ಟಲು ಬರಿದು ಮಾಡಿದಳು. ಚೊಂಬಿನಿಂದ ಅದಕ್ಕೆ ಸ್ವಲ್ಪ ನೀರು ಬಿಟ್ಟು, ಸುತ್ತ ಆಡಿಸಿ, ಆ ನೀರನ್ನೂ ಕುಡಿದಳು.